ಎರಡು ಹಾರ್ನಿಗೆ ಅಕ್ಕಿ

ಅಂಕೋಲೆಯ ನಮ್ಮ ಮನೆಯೆದುರಿನ ತಿರುವಿನಲ್ಲಿ ಭಾರದ ಗಾಡಿಯೊಂದು ಏರ್‌ಬ್ರೇಕ್ ಹಾಕಿ ಉಸ್ಸೆಂದರೆ ಸಾಕು, ನನಗೆ ಕುಚ್ಚಲಕ್ಕಿ ಕುದಿಯುವ ವಾಸನೆ ಬರುತ್ತದೆ. ಬಿಣಗಾದಲ್ಲಿ ಹೆದ್ದಾರಿಗೆ ತಾಗಿಕೊಂಡಿದ್ದ ನಮ್ಮ ಹಂಚಿನ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅಡುಗೆಮನೆ ಸಮೇತ ಡಾಂಬರಿನಡಿಗೆ ಹೋಯಿತು. ಆ ಮನೆಯ ಜಗಲಿಯಲ್ಲಿ ಕೂತು, ಅ ಆ ಇ ಈ ಬರುವ ಮೊದಲೇ ಟ್ಯಾಂಕರ್, ಟ್ರೇಲರ್, ಕಂಟೇನರ್ ಕಲಿತವಳು ನಾನು. ಕಲಿಸಿದವನು ಅಪ್ಪ, ದೂರದೂರಿನಿಂದ ಹತ್ತಿರದ ಬೈತಖೋಲ ಬಂದರಿಗೆ ಸರಕು ತರುತ್ತಿದ್ದ ಡ್ರೈವರ್. ಅವನ ಗಾಡಿ ಅವನಿಗೆ ಟ್ರಕ್. ಹಿಲ್ಲೂರಿನಲ್ಲಿ ಮರದ ನಾಟ ಹೊರುವ ಗಾಡಿಗಳನ್ನು ನೋಡಿ ಬೆಳೆದ ಆಯಿಗೆ, ನನ್ನ ಅಮ್ಮನಿಗೆ, ಎಲ್ಲವೂ ಲಾರಿ. “ಹತ್ತು ಗಾಲಿದು ಮಾರಾಯ್ತಿ, ಟ್ರಕ್ ಅನ್ನು. ಲಾರಿ ನಿಮ್ಮೂರಿಂದು,” ಎಂದು ಅಪ್ಪ ರೇಗಿಸುತ್ತಿದ್ದ. “ಗಾಲಿ ಎಣ್ಸೂಕೆ ನಂಗೆ ಪುರಸೊತ್ತಿಲ್ಲ. ಲಾರಿ ಅಂದ್ರೆ ಲಾರಿ,” ಎನ್ನುತ್ತಿದ್ದಳು ಆಯಿ. ಇಬ್ಬರೂ ಒಂದು ದಿನವೂ ಸೋತವರಲ್ಲ.

ಮನೆ ದಾಟುವಾಗ ಅಪ್ಪ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅಕ್ಕಿ ಹಾಕು ಎಂದು ಅದರ ಅರ್ಥ. ಬಂದರಿನಲ್ಲಿ ಸರಕು ಇಳಿಸಿ ಅವನು ಊಟಕ್ಕೆ ತಿರುಗಿ ಬರುವಷ್ಟರಲ್ಲಿ ಆ ಗಟ್ಟಿ ಅಕ್ಕಿ ಹದವಾಗಿ ಬೆಂದಿರುತ್ತಿತ್ತು.

ಆ ದಿನವೂ ಹಾರ್ನ್ ಎರಡು ಸಲ ಆಯಿತು. ನಾನು “ಅಪ್ಪ ಬಂದ” ಎಂದು ಕುಣಿದೆ, ಆಯಿ ಅಕ್ಕಿ ಹಾಕಿದಳು. ಅನ್ನ ಇನ್ನೂ ಅರೆಬೆಂದಿರುವಾಗ ಅಂಗಳಕ್ಕೆ ಬಂದವನು ಗಣಪು, ಅಪ್ಪನ ಜೊತೆ ಸರದಿಯಲ್ಲಿ ಗಾಡಿ ಓಡಿಸುತ್ತಿದ್ದವನು. ಕೈಯಲ್ಲಿ ಅಪ್ಪನ ಚೀಲವಿತ್ತು. ದಾರಿಯಲ್ಲಿ ಎದೆನೋವು ಬಂದು ಅಪ್ಪ ತೀರಿಹೋಗಿದ್ದ. ದೇಹ ಹಿಂದಿನಿಂದ ವ್ಯಾನಿನಲ್ಲಿ ಬರುತ್ತಿತ್ತು. ಸುದ್ದಿ ಹೇಳಲೆಂದೇ ಅಪ್ಪನ ಗಾಡಿಯಲ್ಲಿ ಮುಂದೆ ಬಂದ ಗಣಪು ಮನೆ ದಾಟಿ ಬಂದರಿನವರೆಗೂ ಹೋಗಿಬಿಟ್ಟಿದ್ದ. “ವೈನಿ, ಮನೆ ಕಂಡದ್ದೇ ಕೈ ತನ್ನಷ್ಟಕ್ಕೇ ಹಾರ್ನ್ ಮೇಲೆ ಹೋಯ್ತು. ಆಮೇಲೆ ನಿಲ್ಸೂಕೆ ಧೈರ್ಯ ಬರ್ಲಿಲ್ಲ,” ಎಂದು ಆಯಿಯೆದುರು ಅಂಗಳದಲ್ಲೇ ಕುಸಿದು ಅತ್ತ. ಆಯಿ ಅವನನ್ನು ಬೈಯಲಿಲ್ಲ. ಒಳಗೆ ಓಡಿ, ಅನ್ನ ಬೆಂದರೆ ಅಪ್ಪ ಬಂದೇ ಬರುತ್ತಾನೆ ಎಂಬಂತೆ ಒಲೆಗೆ ಕಟ್ಟಿಗೆ ತುರುಕತೊಡಗಿದಳು. ನಾನು ಅವಳ ಸೆರಗು ಹಿಡಿದು ನಿಂತೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಪಕ್ಕದ ಮನೆಯವರು ಬಂದು ಒಲೆಗೆ ನೀರು ಹೊಯ್ದು, ಆ ಅನ್ನವನ್ನು ತೆಂಗಿನ ಬುಡಕ್ಕೆ ಚೆಲ್ಲಿದರು.

ಆಯಿ ಈಗ ನನ್ನ ಜೊತೆಗಿದ್ದಾಳೆ. ಇವತ್ತೂ ತಿರುವಿನಲ್ಲಿ ಸದ್ದಾದಾಗ ತಲೆಯೆತ್ತಿ, “ಟ್ರಕ್ ಬಂತು ನೋಡು,” ಎಂದಳು. ಅಪ್ಪ ಹೋದ ಮೇಲೆ ಅವಳ ಬಾಯಲ್ಲಿ ಲಾರಿ ಎಂಬ ಮಾತು ನಾನು ಕೇಳಿಲ್ಲ. ಅಷ್ಟು ಹಟದವಳು ಸೋತುಬಿಟ್ಟಳು. ಗೆದ್ದವನಿಗೆ ಅದು ಗೊತ್ತಾಗಲೇ ಇಲ್ಲ.