ಜಿನಪಾಲನ ಬೆನ್ನಿನ ಚಳಿ

ಬೆಳಗಾವಿಯ ಬಸವನ ಗಲ್ಲಿಯಲ್ಲಿ ಚಳಿಗಾಲ ಬಂತೆಂದು ತಿಳಿಯಲು ಯಾರೂ ಪಂಚಾಂಗ ನೋಡುತ್ತಿರಲಿಲ್ಲ. ಜಿನಪಾಲನ ಕಿವಿ ನೋಡುತ್ತಿದ್ದರು. ದಸರೆ ಮುಗಿದ ಮೇಲೆ ಮಫ್ಲರಿನೊಳಗೆ ಹೋದ ಆ ಕಿವಿಗಳು ಮತ್ತೆ ಊರಿಗೆ ಕಾಣಿಸುತ್ತಿದ್ದುದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಮೈಯಲ್ಲಿ ರಕ್ತ ಕಡಿಮೆ ಎಂದು ವೈದ್ಯರು ಹೇಳುತ್ತಿದ್ದರು, ನಾಟಕ ಹೆಚ್ಚು ಎಂದು ನೆರೆಯವರು. ಅವನು ಇಬ್ಬರಿಗೂ ತಲೆಯಾಡಿಸುತ್ತಿದ್ದ. ವಾದಕ್ಕೆ ನಿಂತರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಒಳಗೆ ಗಾಳಿ ಹೋಗುತ್ತದೆ.

ಇಂಥವನಿಗೆ ಸಿಕ್ಕ ಕೆಲಸ ಗುಂಜಿಯ ಕಾಡಿನ ಅಂಚಿನಲ್ಲಿ. ಅಳಲೆಕಾಯಿಯ ವ್ಯಾಪಾರಿಯೊಬ್ಬರ ಬಳಿ ಅವನು ಗುಮಾಸ್ತ. ಕಾಡಿನವರು ಆರಿಸಿ ತಂದ ಕಾಯಿ ತೂಗಿ, ಒಣಗಿಸಿ, ಚೀಲ ತುಂಬಿಸಿ ರೈಲಿಗೆ ಹಾಕಬೇಕು. ಚಳಿಗಾಲವೇ ಅದರ ಸುಗ್ಗಿ. ಸೋಮವಾರ ರೈಲು ಹತ್ತಿ, ಖಾನಾಪುರ ದಾಟಿ ಗುಂಜಿಯಲ್ಲಿ ಇಳಿದರೆ ಶನಿವಾರದವರೆಗೆ ತಗಡಿನ ಶೆಡ್ಡೇ ಮನೆ.

ಅಲ್ಲಿ ಮಲಗುವುದೇ ಒಂದು ಧರ್ಮಸಂಕಟ. ಜಿನಪಾಲ ಮನೆತನದ ವ್ರತ ಬಿಡದ ಜೈನ. ನೆಲದ ಮೇಲೆ ಮಲಗಿದರೆ ಮಗ್ಗುಲು ಬದಲಿಸಿದಾಗಲೆಲ್ಲ ಇರುವೆ ಸಾಯುತ್ತವೆ. ಹೊರಸಿನ ಮೇಲೆ ಮಲಗಿದರೆ ತಗಣಿ. ಅವು ಬೇಕಾದಷ್ಟು ಕಚ್ಚಬಹುದು, ಇವನು ಅವುಗಳ ಕೂದಲು ಕೊಂಕಿಸುವಂತಿಲ್ಲ. ಬೆಂಕಿ ಹಾಕಿದರೆ ಹುಳು ಬಂದು ಬೀಳುತ್ತವೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವುದರಿಂದ ಹೊಟ್ಟೆಯೊಳಗಿನ ಒಲೆಯೂ ಬೇಗ ಆರುತ್ತದೆ. ಕೊನೆಗೆ, ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ವಿಲಾಯತಿಗೆ ಹೊರಟ ಬಿಳಿ ದೊರೆಯೊಬ್ಬನ ಸಾಮಾನು ಲಿಲಾವು ಆಗುವಾಗ, ಎರಡು ಮರದ ನಡುವೆ ಕಟ್ಟಿ ಮಲಗುವ ದಪ್ಪ ಬಟ್ಟೆಯ ಜೋಲಿಯೊಂದನ್ನು ಕೊಂಡುತಂದ. ಅದರಲ್ಲಿ ಜೋತುಬಿದ್ದ ಅವನನ್ನು ನೋಡಿ ಗುಂಜಿಯ ಹೆಂಗಸರು ‘ಬಾವಲಿ ಸೇಠ’ ಎಂದು ಹೆಸರಿಟ್ಟರು.

ಇರುವೆಗಳು ಬದುಕಿದವು. ಜಿನಪಾಲ ನಡುಗಿದ.

ಆಗ ಹೆಂಡತಿ ಕಾಂತಾ ಅವನಿಗಾಗಿ ಒಂದು ಕೌದಿ ಹೊಲಿದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಸುರುಮಾಡಿ ನಡುವಿನವರೆಗೆ ಸಾಸಿವೆ ಚೆಲ್ಲಿದಂಥ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಆದರೆ ಆ ಗಲ್ಲಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯಲ್ಲೇ ಮಲಗಿ, ಅವಳ ಹೊಲಿಗೆಯ ಗುರುತನ್ನು ಕೆನ್ನೆಯ ಮೇಲೆ ಹೊತ್ತು ಏಳುತ್ತಿದ್ದವು.

ಹೊಸ ಕೌದಿ ಹೊದ್ದು ಒಂದು ವಾರ ಗುಂಜಿಯಲ್ಲಿ ಮಲಗಿ ಬಂದ ಜಿನಪಾಲನನ್ನು ಪಕ್ಕದ ಮನೆಯ ಭರಮವ್ವ ಗೋಡೆಯಾಚೆಯಿಂದ ಕೇಳಿದಳು:

"ಏನಪಾ ಜಿನಪಾಲ, ಹೆಂಡ್ತಿ ಕೌದಿ ಬೆಚ್ಚಗ ಐತೇನು?"

ಸುಳ್ಳು ಹೇಳುವುದೂ ಅವನ ವ್ರತಕ್ಕೆ ಕೂಡಿಬರುತ್ತಿರಲಿಲ್ಲ.

"ಎದಿಗೆ ಬೆಚ್ಚಗ ಐತಿ ಅವ್ವಾ. ಬೆನ್ನಿಗೆ ಮಾತ್ರ ಥಂಡಿ ಹತ್ತತೈತಿ."

ಗೋಡೆ ದಾಟುವಷ್ಟರಲ್ಲಿ ಎದೆಯ ಮಾತು ಉದುರಿಹೋಗಿ ಬೆನ್ನಿನ ಮಾತಷ್ಟೇ ಉಳಿಯಿತು. ಮಧ್ಯಾಹ್ನಕ್ಕೆ ಕಾಂತಾಳ ಕೌದಿಯಲ್ಲಿ ಚಳಿಯಾಗುತ್ತದೆಂದು ಇಡೀ ಗಲ್ಲಿಗೆ ಗೊತ್ತಾಗಿತ್ತು.

ಕಾಂತಾ ಅಳಲಿಲ್ಲ, ಜಗಳವಾಡಲಿಲ್ಲ. ಸೂಜಿದಾರದ ಡಬ್ಬಿಯನ್ನು ಗೋಡೆಯ ಮೇಲಿನ ಮಾಡದಲ್ಲಿ, ತನ್ನ ಕೈಗೂ ಸಿಗದಷ್ಟು ಎತ್ತರದಲ್ಲಿಟ್ಟಳು. ಎದುರುಮನೆಯ ಕುಂದಾ ವೈನಿ ಬಾಣಂತಿ ಮಗಳ ಕೂಸಿಗೆಂದು ಕೊಟ್ಟಿದ್ದ ಹಳೆ ಸೀರೆಯ ಗಂಟನ್ನು ಮರಳಿಸಿ ಬಂದಳು. "ಥಂಡಿ ಹತ್ತೀತು ವೈನಿ, ಕೂಸಿಗೆ," ಎಂದಳು, ಅಷ್ಟೇ. ಅಂದು ಜಿನಪಾಲನ ತಾಟಿಗೆ ರೊಟ್ಟಿ ಬಿತ್ತು, ಪಲ್ಯ ಬಿತ್ತು, ಮಾತು ಬೀಳಲಿಲ್ಲ. ಗುಂಜಿಯ ಚಳಿ ಬೆನ್ನಿಗೆ ಮಾತ್ರ ಹತ್ತುತ್ತಿತ್ತು. ಇದು ನಾಲ್ಕೂ ಕಡೆಯಿಂದ ಹತ್ತಿತು.

"ನಿನ್ನ ಕೌದಿಗೆ ನಾ ಏನೂ ಅನ್ನಲಿಲ್ಲ ಕಾಂತಾ," ಎಂದ. "ಡಬ್ಬಿ ಕೆಳಗ ಇಳಿಸು."

ಅವಳು ಅವನ ತಾಟು ಎತ್ತಿಕೊಂಡಳು. "ಆ ನಿಮ್ಮ ಜೋಲಿ ಮನಿಗೆ ತಗೊಂಡು ಬರ್ರಿ. ತಪ್ಪು ಕೌದೀದೋ, ಜೋಲೀದೋ, ನಿಮ್ಮ ಬೆನ್ನಿಂದೋ, ಎಲ್ಲಾರ ಮುಂದ ನೋಡೇ ಬಿಡೂಣು. ಕೌದೀದು ಅಂತಾದ್ರ ನಾ ಮತ್ತ ಸೂಜಿ ಮುಟ್ಟಾಕಿ ಅಲ್ಲ."

ಮುಂದಿನ ಶನಿವಾರ ಜೋಲಿ ರೈಲು ಹತ್ತಿ ಬೆಳಗಾವಿಗೆ ಬಂತು. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಮಂಜು ಇನ್ನೂ ಬಾವಿಕಟ್ಟೆಯ ಮೇಲೆ ಕೂತಿರುವಾಗಲೇ ಜಿನಪಾಲ ಅದನ್ನು ಮಾವಿನ ಮರಕ್ಕೂ ಬಾವಿಯ ಕಂಬಕ್ಕೂ ಕಟ್ಟಿದ. ಗಲ್ಲಿಯ ಹೆಂಗಸರು ಶಾಲು ಹೊದ್ದು ನ್ಯಾಯಕ್ಕೆ ಕೂತವರಂತೆ ಸುತ್ತ ನೆರೆದರು.

ಮೊದಲು ಕುಂದಾ ವೈನಿ ಹತ್ತಿದಳು. ಮನೆಯಲ್ಲಿ ಮರಾಠಿ, ಗಲ್ಲಿಯಲ್ಲಿ ಕನ್ನಡ ಆಡುವ ಅವಳು ಬೆನ್ನು ತಾಗುತ್ತಲೇ ಎರಡನ್ನೂ ಮರೆತು ಬರೀ ಕಿರುಚಿದಳು. ಕೌದಿ ಹೊದಿಸಿದರು. "ಅಗೋಬಾಯಿ! ಮ್ಯಾಲ ಬೆಚ್ಚಗ, ಕೆಳಗ ಬರ್ಫ!" ಇನ್ನೊಂದು ಕೌದಿ ಹೊದಿಸಿದರು. ಮತ್ತೊಂದು ಹೊದಿಸಿದರು. ಕುಂದಾ ವೈನಿ ಕಾಣದಾದಳು. ಗುಡ್ಡದೊಳಗಿಂದ ದನಿ ಮಾತ್ರ ಬಂತು: "ಬೆನ್ನು! ಬೆನ್ನು!"

"ಹೊದಿಸೂದು ಸಾಕು, ಒಳಗ ಹಾಸಿ ನೋಡ್ರಿ," ಎಂದಳು ಭರಮವ್ವ. ಕೌದಿಯನ್ನು ಜೋಲಿಯೊಳಗೆ ಹಾಸಿ ಜಿನಪಾಲನನ್ನು ಮಲಗಿಸಿದರು. ಅವನ ಭಾರಕ್ಕೆ ಅದು ಹಪ್ಪಳದಂತೆ ಚಪ್ಪಟೆಯಾಯಿತು. ಅವನು ಏನೂ ಹೇಳಲಿಲ್ಲ, ಹಲ್ಲುಗಳು ಹೇಳಿದವು.

ಕಾಂತಾಳ ಮುಖ ಸಣ್ಣದಾಯಿತು. "ಸರೀರಿ, ನಾ ನೋಡ್ತೀನಿ," ಎಂದು ತಾನೇ ಹತ್ತಿ ಮಲಗಿದಳು.

"ಥಂಡಿ ಐತೇನ?" ಎಂದು ಎಲ್ಲರೂ ಕೇಳಿದರು.

"ಎ-ಎ-ಏನೂ ಇಲ್ಲ," ಎಂದಳು ಕಾಂತಾ. ಅವಳ ತುಟಿ ನೇರಳೆಹಣ್ಣು ತಿಂದಂತಾಗಿತ್ತು. ಕೆಳಗಿಳಿದು ಯಾರ ಮುಖವನ್ನೂ ನೋಡದೆ ತನ್ನ ಕೌದಿಯನ್ನು ಮಡಚತೊಡಗಿದಳು. ಆ ಮಡಿಕೆಯ ರೀತಿ ನೋಡಿಯೇ ಜಿನಪಾಲನಿಗೆ ಗೊತ್ತಾಯಿತು, ಇದು ಮತ್ತೆ ಬಿಚ್ಚುವುದಿಲ್ಲ. ಡಬ್ಬಿಯೂ ಇಳಿಯುವುದಿಲ್ಲ. ತನ್ನ ಬೆನ್ನಿನ ಮೇಲೆ ಅವನಿಗೆ ಜೀವಮಾನದಲ್ಲಿ ಬಾರದಷ್ಟು ಸಿಟ್ಟು ಬಂತು.

"ನಿಲ್ರಿ, ನಂದೊಂದು ಉಳದೈತಿ," ಎಂದು ಭರಮವ್ವ ಸೆರಗು ಸಿಕ್ಕಿಸಿದಳು.

ಎಲ್ಲರೂ ಒಮ್ಮೆಲೇ ಮಾವಿನ ಮರದ ಕಡೆ ನೋಡಿದರು. ಭರಮವ್ವ ಟಾಂಗಾ ಹತ್ತಿದರೆ ಕುದುರೆ ಹಿಂತಿರುಗಿ ನೋಡುತ್ತಿತ್ತು.

"ಹರೀತೈತಿ ಭರಮವ್ವಾ, ಬ್ಯಾಡ," ಎಂದ ಜಿನಪಾಲ.

"ಹರದ್ರ ನಾ ಬೀಳ್ತೀನಿ, ನಿನಗೇನು?"

"ಕೆಳಗ ಇರಿವಿ ಅದಾವ," ಎಂದ ಅವನು, ನಿಜವಾದ ಕಳವಳದಿಂದ.

"ನನ್ನ ಸೊಂಟಕ್ಕಿಂತ ಇರಿವಿ ಹೆಚ್ಚಾತೇನೋ ನಿನಗ!"

ಇರುವೆಗಳಿಗಾಗಿ ಅವನು ಒಂದು ಉಪಾಯ ಮಾಡಿದ. ಕಾಂತಾಳ ಕೈಯಿಂದ ಕೌದಿ ಕಸಿದುಕೊಂಡು, ಅದರ ಎರಡೂ ತುದಿಗಳನ್ನು ಮುದುಡಿ, ಜೋಲಿಯ ಕೆಳಗೆ ಇನ್ನೊಂದು ಜೋಲಿಯಂತೆ ಹಗ್ಗಕ್ಕೆ ಬಿಗಿದ. ಮೇಲಿನದು ಹರಿದರೆ ಕೆಳಗಿನದು ಹಿಡಿಯಲಿ ಎಂದು. ಇಬ್ಬರು ಹಿಡಿದು, ಒಬ್ಬರು ತಳ್ಳಿ ಭರಮವ್ವನನ್ನು ಮೇಲೇರಿಸಿದರು. ಹಗ್ಗ ನರಳಿತು. ಮಾವಿನ ಮರ ನಾಲ್ಕು ಎಲೆ ಉದುರಿಸಿತು. ಹೊದಿಸಲು ಯಾರಿಗೂ ನೆನಪಾಗಲಿಲ್ಲ, ಎಲ್ಲರೂ ಉಸಿರು ಬಿಗಿಹಿಡಿದು ಹಗ್ಗವನ್ನೇ ನೋಡುತ್ತಿದ್ದರು.

ಭರಮವ್ವ ಬೈಯಲಿಲ್ಲ, ಕಿರುಚಲಿಲ್ಲ. ಅವಳು ಸುಮ್ಮನಿದ್ದುದೇ ಭಯಹುಟ್ಟಿಸಿತು.

"ಭರಮವ್ವಾ? ಜೀವ ಐತಿಲ್ಲೋ?" ಎಂದು ಕುಂದಾ ವೈನಿ ಬಗ್ಗಿದಳು.

"ಯವ್ವಾ," ಎಂದಳು ಭರಮವ್ವ ಕಣ್ಣು ಮುಚ್ಚಿಕೊಂಡೇ, "ಬೆನ್ನಿಗೆ ಯಾರೋ ಒಲಿ ಹಚ್ಚಿಟ್ಟಂಗ ಐತಿ. ಯಾರೂ ಎಬ್ಬಸಬ್ಯಾಡ್ರಿ." ಮರುಗಳಿಗೆಯಲ್ಲೇ ಗೊರಕೆ ಸುರುವಾಯಿತು.

ಕಾಂತಾ ಮುಂದೆ ಬಂದಳು. ಜೋಲಿಗೂ ಕೌದಿಗೂ ನಡುವೆ ಮೆಲ್ಲಗೆ ಕೈ ತೂರಿಸಿದಳು. ಮೇಲೆ ಭರಮವ್ವ, ಕೆಳಗೆ ಕೌದಿ, ನಡುವೆ ಒಂದು ಬೊಗಸೆಯಷ್ಟು ಜಾಗ. ಆ ಜಾಗದ ಗಾಳಿ ಈಗಷ್ಟೇ ಎದ್ದುಹೋದವರ ಹಾಸಿಗೆಯಂತೆ ಬೆಚ್ಚಗಿತ್ತು. ಯಾರ ಭಾರವೂ ಬೀಳದ ಕೌದಿ ಅಲ್ಲಿ ಉಬ್ಬಿಕೊಂಡು, ಹೊರಗಿನ ಮಂಜಿಗೆ ಬೆನ್ನು ಕೊಟ್ಟು ನಿಂತಿತ್ತು.

"ಹೊದಿಸೂದೂ ಅಲ್ಲ, ಹಾಸೂದೂ ಅಲ್ಲ," ಎಂದಳು ನಿಧಾನವಾಗಿ. "ಇದನ್ನ ಕೆಳಗ ತೂಗಬಿಡೂದು."

"ಅಂದ್ರ ಕೌದೀದು ತಪ್ಪಿಲ್ಲ?" ಎಂದ ಜಿನಪಾಲ.

"ಯಾವಾಗಿತ್ತು?" ಎಂದು ಅವನ ಕಡೆ ತಿರುಗಿದಳು. ಒಂದು ವಾರದ ಮೇಲೆ ಮೊದಲ ಬಾರಿ ಅವಳು ಅವನನ್ನು ನೇರ ಬೈದದ್ದು. ಅವನಿಗೆ ಹೋಳಿಗೆ ತಿಂದಷ್ಟು ಸುಖವಾಯಿತು. "ಹಿಂಗ ಗಂಟು ಹಾಕಿ ಎಳದ್ರ ಹೊಲಿಗಿ ಉಳೀತೈತೇನ್ರೀ? ತುದಿಗೆ ಕುಣಿಕಿ ಬೇಕು, ಅಂಚಿಗೆ ಲಾಡಿ ಬೇಕು, ಭುಜದ ಕಡೆ ಅಗಲ ಬೇಕು. ಬ್ಯಾರೇನ ಹೊಲೀಬೇಕು ಇದನ್ನ. ಹೋಗ್ರಿ, ಡಬ್ಬಿ ಇಳಿಸಿ ತರ್ರಿ."

ಜಿನಪಾಲ ಓಡಿದ. ಅವನು ಓಡಿದ್ದನ್ನು ಗಲ್ಲಿ ಅದೇ ಮೊದಲು ನೋಡಿದ್ದು.

ಕುಂದಾ ವೈನಿ ಹಳೆ ಸೀರೆಯ ಗಂಟನ್ನು ಸದ್ದಿಲ್ಲದೆ ತಂದು ಕಟ್ಟೆಯ ಮೇಲಿಟ್ಟಳು. "ಮೊದಲು ಕೂಸಿನ ಕೌದಿ ಹೊಲಿ ಕಾಂತಾ," ಎಂದಳು. "ನಿನ್ನ ಗಂಡ ಎಲ್ಲಿ ಹೋಗ್ತಾನ?"

"ಎರಡೂ ಹೊಲೀತೀನಿ," ಎಂದಳು ಕಾಂತಾ ಸೂಜಿಗೆ ದಾರ ಪೋಣಿಸುತ್ತ.

ಭರಮವ್ವ ಏಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಆಮೇಲೆ ಅಳತೆಗೆಂದು ಜಿನಪಾಲನನ್ನು ಮಲಗಿಸಿ, ಕೆಳಗೆ ಕೌದಿ ಕಟ್ಟಿ, ಕಾಂತಾ ಜೋಲಿಯ ಸುತ್ತ ಮಂಡಿಯೂರಿ ಸೂಜಿದಾರದಿಂದ ಗುರುತು ಹಾಕುತ್ತ ಹೋದಳು. ಅಲ್ಲಾಡಬಾರದೆಂದು ಕಟ್ಟಪ್ಪಣೆ. ಮೇಲೆ ಸುಡುವ ಸೂರ್ಯ, ಕೆಳಗೆ ಏಳು ಪದರ ಸೀರೆ, ಕೊರಳಿಗೆ ಮಫ್ಲರ್. ಹಣೆಯಿಂದ ಇಳಿದ ನೀರು ಅವನ ಕಿವಿಯೊಳಗೆ ಹೋಗತೊಡಗಿತು.

"ಬೆನ್ನಿಗೆ ಥಂಡಿ ಹತ್ತತೈತೇನ್ರೀ?" ಎಂದು ಕೆಳಗಿನಿಂದ ದನಿ ಬಂತು.

"ಇಲ್ಲ."

"ಖರೇ ಹೇಳ್ರಿ. ಗೋಡಿಯಾಚೆ ಹೋಗಿ ಬ್ಯಾರೆ ಹೇಳಬ್ಯಾಡ್ರಿ."

"ಬೆವರಾಕತ್ತೀನಿ ಕಾಂತಾ!"

"ಗಟ್ಯಾಗಿ ಹೇಳ್ರಿ. ಭರಮವ್ವಗ ಕೇಳಬೇಕು."

ಜಿನಪಾಲ ಬಾಯಿತುಂಬ ಗಾಳಿ ತೆಗೆದುಕೊಂಡು, ಇಡೀ ಬಸವನ ಗಲ್ಲಿಗೆ ಕೇಳುವಂತೆ, ತಾನು ಬೆವರುತ್ತಿದ್ದೇನೆಂದು ಕೂಗಿದ. ಜೋಲಿಯ ಕೆಳಗೆ ಕಾಂತಾ ಹಲ್ಲಿನಿಂದ ದಾರ ಕಡಿದು, ಮುಂದಿನ ಹೊಲಿಗೆ ಹಾಕಿದಳು.