ಕಾರಿಗೆ ಬಡಿದ ಹಂದಿಯ ಜಾಡು

ರೇಗನ್ಸ್‌ಬರ್ಗ್‌ನ ಫ್ಯಾಕ್ಟರಿಗೆ ಹೊರಟಿದ್ದೆ. ಕಾಡಿನ ತಿರುವಿನಲ್ಲಿ ಕಾಡುಹಂದಿಯೊಂದು ಅಡ್ಡ ಬಂದು ಕಾರಿಗೆ ಬಡಿದು ಬಿತ್ತು. ನಾನು ಇಳಿಯುವಷ್ಟರಲ್ಲಿ ಎದ್ದು ಮರಗಳೊಳಗೆ ನುಗ್ಗಿತು. ಈ ದೇಶದ ಕಾನೂನಿನಂತೆ ಹಾಗೇ ಹೋಗುವಂತಿಲ್ಲ, ಪೊಲೀಸರಿಗೆ ಫೋನ್ ಮಾಡಬೇಕು. ಅವರು ಆ ಕಾಡಿನ ಹೊಣೆ ಹೊತ್ತ ಬೇಟೆಗಾರ್ತಿಯನ್ನು ಕಳಿಸಿದರು. ನಡುವಯಸ್ಸಿನ ಹೆಂಗಸು, ಹೆಗಲಲ್ಲಿ ಬಂದೂಕು, ಜೊತೆಗೊಂದು ಗಿಡ್ಡ ಕಾಲಿನ ನಾಯಿ.

“ಪೆಟ್ಟು ಜೋರಾಗಿದ್ದರೆ ನರಳಲು ಬಿಡಬಾರದು, ಗುಂಡು ಹೊಡೆಯಬೇಕು,” ಎಂದರು.

ನಾನು ಕಾರಿಗೆ ಬೀಗ ಹಾಕಿದೆ. “ನಾನೂ ಬರಲಾ?” ಎಂದೆ.

“ಬನ್ನಿ. ನನ್ನ ಹಿಂದೆಯೇ ಇರಿ, ಮಾತಾಡಬೇಡಿ.”

ನಾಯಿ ನೆಲ ಮೂಸುತ್ತಾ ನಡೆಯಿತು. ಒದ್ದೆ ಎಲೆಗಳ ಮೇಲೆ ಮೊದಲು ಒಂದೆರಡು ಹನಿ ರಕ್ತ ಕಂಡಿತು, ಆಮೇಲೆ ಕೆಸರಿನಲ್ಲಿ ಗೊರಸಿನ ಗುರುತು ಮಾತ್ರ. ಆಕೆ ಬಗ್ಗಿ ನೋಡಿ, “ನಾಲ್ಕೂ ಕಾಲು ಸರಿಯಾಗಿ ಊರಿದೆ,” ಎಂದು ಪಿಸುಗುಟ್ಟಿದರು. ನನಗೆ ಅರ್ಧ ಜೀವ ಬಂತು.

ಕೊನೆಗೆ ಓಕ್ ಮರಗಳ ಕೆಳಗೆ ಹಂದಿ ಸಿಕ್ಕಿತು. ಮೂತಿ ತರಚಿತ್ತು, ಅಷ್ಟೇ. ನೆಲ ಕೆದರಿ ಕಾಯಿ ತಿನ್ನುತ್ತಿತ್ತು. ಸುತ್ತ ಪಟ್ಟೆ ಮೈಯ ಮರಿಗಳು. ಆಕೆ ಬಂದೂಕಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡರು. “ನಿಮ್ಮ ಕಾರಿಗಿಂತ ಚೆನ್ನಾಗಿದೆ,” ಎಂದು ಮೊದಲ ಸಲ ನಕ್ಕರು.

ರಸ್ತೆಗೆ ಬಂದು ಹೆಂಡತಿಗೆ ಫೋನ್ ಮಾಡಿ, ಕಾರಿಗೆ ಹಂದಿ ಬಡಿದದ್ದನ್ನು ಹೇಳಿದೆ. ಅವಳು ಧಾರವಾಡದವಳು.

“ಹಂದಿ ಆರಾಮ ಐತೇನ್ರಿ?” ಎಂದಳು.

“ಆರಾಮ ಐತಿ. ಮರಿ ಕಟ್ಕೊಂಡು ಮೇಯಾಕತ್ತೈತಿ.”

“ಚಲೋ ಆತು. ಕಾರು?”

ನಾನೂ ಆರಾಮ ಇದ್ದೇನೆಂಬುದನ್ನು ಕೊನೆಗೆ ನಾನೇ ಹೇಳಬೇಕಾಯಿತು.