ಕಪಾಟಿನೊಳಗಿನ ಟೈಪ್‌ರೈಟರ್

ನಾನು ಚಿಕ್ಕವಳಿದ್ದಾಗ ನನಗೆ ಸಿಟ್ಟು ಬಹಳ. ಹಸಿವಾದರೂ ಸಿಟ್ಟು, ಹೊಟ್ಟೆ ತುಂಬಿದರೂ ಸಿಟ್ಟು. ಈ ಹುಡುಗಿ ಯಾರ ಮನೆಗೆ ಹೋಗಿ ಬಾಳುತ್ತಾಳೋ ಎಂದು ಅವ್ವ ಗೊಣಗುತ್ತಿದ್ದಳು. ಆದರೆ ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಬಂದ ಸಿಟ್ಟೇ ಬೇರೆ. ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ, ಮಕ್ಕಳೇ.

ನಮ್ಮದು ನವಲಗುಂದ ತಾಲೂಕಿನ ಎರೆಹೊಲದ ಊರು. ಅಪ್ಪ ಕುರಿ ಕಾಯುತ್ತಿದ್ದ. ಊರ ಶಾಲೆಯಲ್ಲಿ ಕಲಿಸುವವರು ಇಬ್ಬರೇ, ಹೆಡ್ ಮಾಸ್ತರು ಮತ್ತು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ನಮ್ಮ ಅಕ್ಕೋರು ಧಾರವಾಡದವರು. ತೆಳ್ಳಗಿದ್ದರು, ದಪ್ಪ ಕನ್ನಡಕ, ಬಿರಬಿರ ನಡಿಗೆ.

ಅವರಿಗೆ ಒಂದು ಹಟವಿತ್ತು. ದೊಡ್ಡವರು ಯಂತ್ರದ ಮುಂದೆ ಕುಳಿತು ಏನು ಮಾಡುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಮುಂದೆ ಅಂಥವರ ಎದುರು ಕೈಕಟ್ಟಿ ನಿಲ್ಲಬೇಕಾಗುತ್ತದೆ ಎನ್ನುತ್ತಿದ್ದರು. ಅದಕ್ಕಾಗಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮನ್ನು ಊರೆಲ್ಲ ತಿರುಗಿಸುತ್ತಿದ್ದರು. ಅಂಚೆ ಕಚೇರಿಯ ಕರಿಯ ಫೋನು, ಸೊಸೈಟಿಯ ಗುಮಾಸ್ತರ ಕ್ಯಾಲ್ಕುಲೇಟರು, ಹಿಟ್ಟಿನ ಗಿರಣಿಯ ಮೋಟಾರು, ಎಲ್ಲವನ್ನೂ ನೋಡಿದೆವು. ಒಮ್ಮೆ ಬಸ್ಸಿನಲ್ಲಿ ನವಲಗುಂದಕ್ಕೂ ಕರೆದೊಯ್ದು, ಕಚೇರಿಯಲ್ಲಿ ಟೈಪ್ ಹೊಡೆಯುವವರನ್ನು ಕಿಟಕಿಯಿಂದ ತೋರಿಸಿದರು. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಎಂಬುದನ್ನು ತಾವು ನೋಡಿದ್ದಾಗಿ ಅವತ್ತೇ ಹೇಳಿದರು. ಟಿವಿಯಂಥ ಪೆಟ್ಟಿಗೆ, ಅದರ ಮುಂದೆ ಟೈಪ್‌ರೈಟರಿನಂತೆಯೇ ಸಾಲು ಸಾಲು ಗುಂಡಿಗಳು. ಮುಂದೆ ಎಲ್ಲ ಕೆಲಸವೂ ಆ ಗುಂಡಿಗಳ ಮೇಲೇ ನಡೆಯುತ್ತದೆ, ನಿಮ್ಮ ಬೆರಳು ಈಗಲೇ ಕಲಿಯಲಿ ಅಂದರು.

ಮುಂದಿನ ಸಲ ಧಾರವಾಡದಿಂದ ಬಂದಾಗ ಬಸ್ಸಿನಲ್ಲಿ ಅಕ್ಕೋರ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟಿತ್ತು. ಅವರ ಅಣ್ಣನ ಕಚೇರಿಯಲ್ಲಿ ಹಳೇದಾಯಿತೆಂದು ಹರಾಜಿಗೆ ಹಾಕಿದ್ದ ಕನ್ನಡ ಟೈಪ್‌ರೈಟರ್ ಅದು. ತಮ್ಮ ಕೈಯಿಂದ ರೊಕ್ಕ ಹಾಕಿ ತಂದಿದ್ದರು. ಅದರ ಎಣ್ಣೆಯ ವಾಸನೆ, ಮಸಿ ಹತ್ತಿದ ರಿಬ್ಬನ್ನಿನ ವಾಸನೆ ಈಗಲೂ ಮೂಗಿನಲ್ಲಿದೆ. ಸಾಲು ಕೊನೆಗೆ ಬಂದಾಗ ಟಿಣ್ ಎಂದು ಗಂಟೆ ಹೊಡೆಯುತ್ತಿತ್ತು. ಅಕ್ಕೋರು ಒಂದು ಸಾಲು ಹೊಡೆದು ತೋರಿಸಿದರು. ಅಕ್ಷರ ಒತ್ತುವ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಬಿಡಿಸುವುದು ಹೇಗೆಂದೂ ತೋರಿಸಿದರು.

ನಮ್ಮ ಸರದಿ ಬರುವ ಮೊದಲೇ ಹೆಡ್ ಮಾಸ್ತರು ಬಂದರು. ಮಷೀನು ಕೆಟ್ಟರೆ ಜವಾಬ್ದಾರಿ ಯಾರದು ಎಂದು ಕೇಳಿದರು. ಕುರಿ ಹಿಕ್ಕಿ ಬಳಿಯುವ ಕೈಗಳಿಗೆ ಇಂಥದ್ದೆಲ್ಲ ಯಾಕೆ ಎಂದು ನನ್ನ ಕಡೆ ನೋಡಿಯೇ ಅಂದರು. ಟೈಪ್‌ರೈಟರನ್ನು ಕಬ್ಬಿಣದ ಕಪಾಟಿಗೆ ಸೇರಿಸಿ ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೇ ಹಾಕಿಕೊಂಡರು.

ಅಕ್ಕೋರು ಸುಮ್ಮನೆ ಕೂಡಲಿಲ್ಲ. ನಮ್ಮ ಶಾಲೆಯ ನೆಲಕ್ಕೆ ಕಲ್ಲಿನ ಫರಸಿ ಹಾಸಿದ್ದರು. ಒಬ್ಬೊಬ್ಬರಿಗೆ ಒಂದೊಂದು ಫರಸಿ ಕೊಟ್ಟು, ಅದರ ಮೇಲೆ ಸುಣ್ಣದ ಕಡ್ಡಿಯಿಂದ ಗುಂಡಿಗಳನ್ನು ಬರೆದುಕೊಟ್ಟರು. ಒಂದು ಗುಂಡಿಯಲ್ಲಿ ಅಕ್ಷರ, ಇನ್ನೊಂದರಲ್ಲಿ ಅದರ ಗುಣಿತ. ಯಾವ ಗುಂಡಿಗೆ ಯಾವ ಬೆರಳು ಎಂಬುದನ್ನು ಬಾಯಿಪಾಠ ಮಾಡಿದೆವು. ಚಳಿಗಾಲದಲ್ಲಿ ಆ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಬೆರಳ ತುದಿ ಸವೆದು ನುಣ್ಣಗಾಯಿತು. ಸಂಜೆ ಕಸ ಗುಡಿಸಿದರೆ ಎಲ್ಲ ಅಳಿಸಿಹೋಗುತ್ತಿತ್ತು, ಮರುದಿನ ಅಕ್ಕೋರು ಮತ್ತೆ ಬಗ್ಗಿ ಬರೆಯುತ್ತಿದ್ದರು.

ಬಿಳಿಜೋಳದ ಸುಗ್ಗಿ ಮುಗಿದ ಸುಮಾರಿಗೆ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಅವರು ಬರುವ ದಿನ ಬೆಳಿಗ್ಗೆ ಶಾಲೆಗೆ ಹೋದರೆ, ಕಪಾಟಿನೊಳಗಿದ್ದ ಟೈಪ್‌ರೈಟರ್ ಮೇಜಿನ ಮೇಲಿತ್ತು. ಕೆಳಗೆ ಕಸೂತಿ ಹಾಕಿದ ಬಟ್ಟೆ, ಮೇಲೆ ಒಂದು ದಾಸವಾಳ. ನಮ್ಮ ಮಕ್ಕಳು ದಿನಾಲೂ ಟೈಪ್ ಹೊಡೆಯುತ್ತಾರೆ ಎಂದು ಹೆಡ್ ಮಾಸ್ತರು ಸಾಹೇಬರಿಗೆ ಹೇಳುವುದು ನಮಗೆಲ್ಲ ಕೇಳಿಸಿತು. ಅಕ್ಕೋರ ಮುಖ ಕೆಂಪಾಯಿತು.

ಸಾಹೇಬರಿಗೆ ಖುಷಿಯಾಗಿ, ಎಲ್ಲಿ ಒಬ್ಬರು ಹೊಡೆದು ತೋರಿಸಲಿ ಅಂದರು. ಹೆಡ್ ಮಾಸ್ತರು ಊರ ಚೇರ್ಮನ್ನರ ಮಗನನ್ನು ಮುಂದೆ ತಳ್ಳಿದರು. ಅವನು ಏಳನೇ ಇಯತ್ತೆಯವನು, ಫರಸಿಯ ಮೇಲೂ ಕಲಿತವನಲ್ಲ. ಪಾಪ, ಎರಡೂ ಅಂಗೈ ಊರಿ ಒತ್ತಿಬಿಟ್ಟ. ಕಡ್ಡಿಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡವು. ಮಷೀನು ಹಳೇದು ಸಾಹೇಬರೇ, ಈ ಅಕ್ಕೋರು ಎಂಥದ್ದೋ ತಂದಿಟ್ಟಾರೆ ಎಂದು ಹೆಡ್ ಮಾಸ್ತರು ನಕ್ಕರು.

ಆ ನಗು ಕೇಳಿ ನನ್ನ ಕಿವಿ ಕಾದುಹೋಯಿತು. ಎದ್ದೆ. ಯಾರೂ ಕರೆದಿರಲಿಲ್ಲ. ಮೇಜಿನ ಹತ್ತಿರ ಹೋಗಿ ಕಡ್ಡಿಗಳನ್ನು ಬಿಡಿಸಿ ಬೆರಳಿಟ್ಟೆ. ಫರಸಿಯ ಮೇಲೆ ಬೆರಳು ಮುಟ್ಟಿಸಿದರೆ ಸಾಕಾಗುತ್ತಿತ್ತು, ಇಲ್ಲಿ ಗುಂಡಿ ಜಗ್ಗಲೇ ಇಲ್ಲ. ಕಿರುಬೆರಳಿಗೆ ಬಲವೇ ಸಾಲದು. ಮೊದಲಿನ ಅಕ್ಷರಗಳು ಮಾಸಲು ಮಾಸಲಾಗಿ ಬಂದವು, ಒಂದೆರಡು ಬರಲೇ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ನಾನು ಬೆರಳಿಂದಲ್ಲ, ಸಿಟ್ಟಿನಿಂದಲೇ ಹೊಡೆದೆ. ಕಾಗದ ತೂತಾಗುವಂತೆ ಹೊಡೆದೆ. ‘ನಾವು ಫರಸಿ ಮೇಲೆ ಕಲಿತೆವು. ಇದರ ಬೀಗ ತೆಗೆಯಿರಿ.’

ಸಾಹೇಬರು ಕಾಗದ ತೆಗೆದು ಓದಿದರು. ಹೆಡ್ ಮಾಸ್ತರ ಕಡೆ ನೋಡಿದರು. ಹುಡುಗಿ ಛಲೋ ಹೊಡೆದಾಳೆ ಎಂದರು. ಅಷ್ಟೇ. ಕಾಗದವನ್ನು ಮೇಜಿನ ಮೇಲಿಟ್ಟು ಹೆಡ್ ಮಾಸ್ತರ ಮನೆಗೆ ಊಟಕ್ಕೆ ಹೋದರು. ಹೋಳಿಗೆಯ ವಾಸನೆ ಶಾಲೆಯವರೆಗೂ ಬರುತ್ತಿತ್ತು.

ಸಾಹೇಬರ ಜೀಪು ಹೋದ ಮೇಲೆ ಹೆಡ್ ಮಾಸ್ತರು ಮರದ ಪಟ್ಟಿಯಿಂದ ನನ್ನ ಬೆರಳಿನ ಗೆಣ್ಣುಗಳ ಮೇಲೆ ಹೊಡೆದರು. ಅಕ್ಕೋರು ಅಡ್ಡ ಬಂದು, ಮಷೀನು ತಂದವಳು ನಾನು, ಹೊಡೆಯುವುದಾದರೆ ನನಗೆ ಹೊಡೆಯಿರಿ ಅಂದರು. ಶಾಲೆಯೊಳಗೆ ಬಂದ ಮೇಲೆ ಅದು ಶಾಲೆಯದು, ನಾಳೆಯಿಂದ ಫರಸಿಯ ಆಟವೂ ಬಂದ್ ಎಂದು ಹೆಡ್ ಮಾಸ್ತರು ಮತ್ತೆ ಬೀಗ ಜಡಿದರು.

ನಾನು ಹೊಲಕ್ಕೆ ಓಡಿದೆ. ಜೋಳ ಕೊಯ್ದ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಅಪ್ಪ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ. ರೊಟ್ಟಿ ಮುರಿಯಲು ನನ್ನ ಬೆರಳು ಮಡಚಲಿಲ್ಲ. ಅಪ್ಪ ಅದನ್ನು ನೋಡಿದ. ಎಲ್ಲ ಹೇಳಿದೆ.

“ಸಾಹೇಬ್ರು ನೀ ಹೊಡದದ್ದು ಓದಿದ್ರೇನು?” ಎಂದು ಕೇಳಿದ.

“ಓದಿದ್ರು.”

“ಓದಿ?”

“ಉಣ್ಣಾಕ ಹೋದ್ರು.”

ಅಪ್ಪ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಎದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು ಶಾಲೆಯ ದಾರಿ ಹಿಡಿದ. ಅವನು ಹೊರಟ ಮೇಲೆ ಕುರಿಗಳು ನಿಲ್ಲುತ್ತವೆಯೇ? ಹಿಂಡಿಗೆ ಹಿಂಡೇ ಹಿಂದೆ ಬಂತು. ಅಪ್ಪ ತಿರುಗಿ ನೋಡಲಿಲ್ಲ.

ಅವನು ಅಲ್ಲಿಯವರೆಗೆ ಶಾಲೆಯೊಳಗೆ ಕಾಲಿಟ್ಟವನಲ್ಲ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ, ಒಳಗೆ ಬಂದ, ಕಪಾಟಿನ ಮುಂದೆ ಕಂಬಳಿ ಹಾಸಿ ಕುಳಿತುಬಿಟ್ಟ. ಹೆಡ್ ಮಾಸ್ತರು ಕೂಗಾಡಿದರು, ಪೊಲೀಸರಿಗೆ ಹೇಳುತ್ತೇನೆಂದರು. ಕಟ್ಟೆಯ ಮೇಲಿದ್ದ ಜನ ಬಂದು ಬಾಗಿಲಲ್ಲಿ ನಿಂತರು. ಅಪ್ಪ ದನಿ ಏರಿಸಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

“ಕಚೇರ್ಯಾಗ ಇಂಥಾ ಮಷೀನಿನ ಮುಂದ ಬಾಳ ಸಲ ನಿಂತೇನ್ರಿ,” ಎಂದ. “ಹೊಡಿಯಾವ ತಲಿ ಎತ್ತಿ ನೋಡಂಗಿಲ್ಲ. ಏನ್ ಹೊಡದೀರಿ ಅಂತ ಕೇಳಿದ್ರ, ನಿನಗ ತಿಳಿಯಂಗಿಲ್ಲ, ಹೆಬ್ಬಟ್ಟ ಒತ್ತು ಅಂತಾನ. ಒತ್ತಿ ಬರ್ತೇನಿ. ನನಗ ತಿಳಿಯಂಗಿಲ್ಲ, ಖರೆ. ನನ್ನ ಮಗಳಿಗೆ ತಿಳೀಬೇಕ್ರಿ. ಬೀಗ ತಗೀರಿ.”

ಹೊರಗೆ ಅಷ್ಟರಲ್ಲಿ ಕುರಿಗಳು ಅಂಗಳ ತುಂಬಿದ್ದವು. ಹೆಡ್ ಮಾಸ್ತರು ಸಾಹೇಬರಿಗೆ ತೋರಿಸಲೆಂದು ಬೆಳೆಸಿದ್ದ ಚೆಂಡುಹೂವಿನ ಗಿಡಗಳಿಗೆ ಬಾಯಿ ಹಾಕಿದ್ದವು. ಅವುಗಳನ್ನು ಹೊಡಿ ಎಂದು ಅವರು ಅಪ್ಪನಿಗೆ ಹೇಳಿದರು. ಬೀಗ ತಗೀರಿ, ಹೊಡೀತೇನಿ ಎಂದು ಅಪ್ಪ ಕುಳಿತಲ್ಲೇ ಹೇಳಿದ. ಬಾಗಿಲಲ್ಲಿದ್ದ ಒಬ್ಬ ಮುದುಕ ತಾನೂ ಒಳಗೆ ಬಂದು ಅಪ್ಪನ ಬಾಜು ಕುಳಿತ. ಅವನ ಹಿಂದೆ ಇನ್ನೊಬ್ಬ.

ಹೆಡ್ ಮಾಸ್ತರು ಕೊರಳಿನಿಂದ ಕೀಲಿ ಕಿತ್ತು ನೆಲಕ್ಕೆ ಎಸೆದರು. ಅಕ್ಕೋರು ಅದನ್ನು ಎತ್ತಿಕೊಂಡರು. ಅವರು ಟೈಪ್‌ರೈಟರನ್ನು ಕಪಾಟಿನಿಂದ ಹೊರಗೆ ತೆಗೆದಾಗ ಅಪ್ಪ ಎದ್ದು, ಅದರ ಗುಂಡಿಗಳನ್ನು ಒಮ್ಮೆ ದೂರದಿಂದಲೇ ನೋಡಿ, ಕುರಿ ಹೊಡೆದುಕೊಂಡು ಹೋದ.

ಅಕ್ಕೋರಿಗೆ ಶಿಕ್ಷೆಯಾಗದೆ ಇರಲಿಲ್ಲ. ಮುಂದಿನ ಜೂನ್‌ನಲ್ಲಿ ಅವರನ್ನು ದೂರದ ಕಲಘಟಗಿ ಕಡೆಯ ಕಾಡಂಚಿನ ಊರಿಗೆ ವರ್ಗ ಮಾಡಿದರು. ನಾವೆಲ್ಲ ಬಸ್ಸಿನ ಹಿಂದೆ ಓಡಿದೆವು. ಮಷೀನನ್ನು ಅವರು ನಮಗೇ ಬಿಟ್ಟುಹೋದರು. ಅಷ್ಟರಲ್ಲಿ ಕುರಿ ಕಾಯುವವರ, ಹೊಲದಲ್ಲಿ ದುಡಿಯುವವರ ಮಕ್ಕಳೆಲ್ಲ ಗುಂಡಿ ನೋಡದೆ ಹೊಡೆಯುತ್ತಿದ್ದೆವು. ನಾನು ಬೆಳೆದು ಕಚೇರಿಯಲ್ಲಿ ಟೈಪ್ ಹೊಡೆಯುವ ಕೆಲಸಕ್ಕೇ ಸೇರಿದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಕಚೇರಿಯಲ್ಲಿ ದೊಡ್ಡ ದೊಡ್ಡವರು ಹೆದರಿದರು. ನನ್ನ ಬೆರಳುಗಳು ಹೆದರಲಿಲ್ಲ.

ಈಗ ನಿಮ್ಮನ್ನು ನೋಡುತ್ತೇನೆ. ಮೂರು ವರ್ಷದ ಕೂಸಿಗೂ ಫೋನು ಸಿಗುತ್ತದೆ. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ, ನಿಮಗೆ ಉಣ್ಣುವಾಗಲೂ ಕೈಗೆ ಕೊಡುತ್ತಾರೆ. ಆದರೆ ಕೊಡುವುದು ಬೊಂಬೆಯಾಟ ನೋಡಲಿಕ್ಕೆ. ನಿಮ್ಮಪ್ಪ ಅದರಲ್ಲೇ ಹೆಸರುಕಾಳಿನ ಧಾರಣೆ ನೋಡುತ್ತಾನೆ, ಹೊಲದ ಉತಾರ, ಅಂದರೆ ಪಹಣಿ ತೆಗೆಯುತ್ತಾನೆ, ಕರೆಂಟ್ ಬಿಲ್ ಕಟ್ಟುತ್ತಾನೆ. ಏನು ಮಾಡುತ್ತಿದ್ದಿ ಎಂದು ನೀವು ಕೇಳಿದರೆ, ದೊಡ್ಡವರ ಕೆಲಸ, ಹೋಗಿ ಆಡ್ರಿ ಎನ್ನುತ್ತಾನೆ. ಅವನು ನನ್ನ ಮಗನೇ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ನಾಳೆ ಅವನು ಫೋನು ಹಿಡಿದು ಕುಳಿತಾಗ ಹೋಗಿ ಬಾಜು ಕುಳಿತುಕೊಳ್ಳಿ. ಏನು ಒತ್ತಿದಿ, ಯಾಕೆ ಒತ್ತಿದಿ ಎಂದು ಕೇಳಿ. ಹೇಳುವವರೆಗೂ ಏಳಬೇಡಿ.